ತಪಾಸಣಾ ಮೀಮಾಂಸೆ: ಒಂದು ಪ್ರಾಥಮಿಕ ನಿರೂಪಣೆ

ನೆಲಮಟ್ಟದಿಂದ ಮೇಲಕ್ಕಾಗಲಿ ಕೆಳಕ್ಕಾಗಲಿ ಸರಿದಷ್ಟೂ ಮನುಷ್ಯನ ಮೇಲಿನ ಸಂಶಯ ಹೆಚ್ಚುತ್ತದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ದೃಷ್ಟಾಂತ, ಬೆಂಗಳೂರಿನ ಮೆಜೆಸ್ಟಿಕ್. ಬಸ್ ನಿಲ್ದಾಣದಲ್ಲಿ ಯಾರೂ ಮೂಸದ ಚೀಲ, ಪಕ್ಕದಲ್ಲೇ ಮೆಟ್ಟಿಲಿಳಿದು ಮೆಟ್ರೋಗೆ ಹೋದರೆ ಯಂತ್ರದೊಳಗೆ ನುಸುಳಿ ಬರಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಿದರೆ ಬೆಲ್ಟಿಗೂ ವಿಚಾರಣೆ.

ಹಾಗಾದರೆ ಬಸ್ಸಿನಲ್ಲಿ ತಪಾಸಣೆಯೇ ಇಲ್ಲವೆ? ಉಂಟು. 2024ರಲ್ಲಿ ಬೆಂಗಳೂರು–ಮೈಸೂರು ಬಸ್ಸಿನಲ್ಲಿ, ಶಕ್ತಿ ಯೋಜನೆಯಡಿ ಪುಕ್ಕಟೆ ಕೂತಿದ್ದ ಅಜ್ಜಿ–ಮೊಮ್ಮಗಳ ಜೊತೆಯ ನಾಲ್ಕು ಗಿಳಿಗಳಿಗೆ ಕಂಡಕ್ಟರು 444 ರೂಪಾಯಿ ಟಿಕೆಟ್ ಹರಿದರು. ಹಾರುವ ಜಾತಿಯ ಮೇಲಿನ ಗುಮಾನಿ ನೆಲದಲ್ಲೂ ಬಿಡದೆಂಬುದಕ್ಕೆ ಇದಕ್ಕಿಂತ ಪ್ರಬಲ ಪ್ರಮಾಣ ಬೇಡ.

ಪೂರ್ವಪಕ್ಷಿ ಎನ್ನುತ್ತಾನೆ: ಸೀಟಿ ಊದಿದರೆ ಬಸ್ಸು ನಿಲ್ಲುತ್ತದೆ, ವಿಮಾನಕ್ಕೆ ಆಕಾಶದಲ್ಲಿ ಪಕ್ಕಕ್ಕೆ ಹಾಕಲು ಜಾಗವೆಲ್ಲಿ? 1985ರಲ್ಲಿ ಏರ್ ಇಂಡಿಯಾದ ‘ಕನಿಷ್ಕ’ದಲ್ಲಿ 329 ಜನರ ಪ್ರಾಣಕ್ಕೆ ಒಂದು ಸೂಟ್‌ಕೇಸು ಸಾಕಾಯಿತು. ಇಲ್ಲಿ ಪ್ರಬಂಧಕಾರ ತೆಪ್ಪಗಾಗುತ್ತಾನೆ. ಆದರೆ 2006ನ್ನು ನೋಡಿ. ಜುಲೈ 11ರಂದು ಮುಂಬೈ ಲೋಕಲ್ ರೈಲುಗಳಲ್ಲಿ ಏಳು ಬಾಂಬು ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು; ಬಹುಪಾಲು ಲೋಕಲುಗಳ ಬಾಗಿಲು ಇಂದಿಗೂ ತೆರೆದೇ ಇದೆ. ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಪಾನೀಯದ ಬಾಟಲಿಗಳ ಬಾಂಬು ಸಂಚು ಸಿಡಿಯುವ ಮುನ್ನವೇ ಸಿಕ್ಕಿಬಿತ್ತು. ವಿಮಾನದ ಕೈಚೀಲದಲ್ಲಿ ಒಯ್ಯುವ ದ್ರವದ ಲೆಕ್ಕದಲ್ಲಿ ಲೋಕವೆಲ್ಲ 100 ಮಿಲಿಲೀಟರಿಗೆ ಇಳಿಯಿತು.

ಈ ನಿಯಮದಿಂದ ಅಂತಾರಾಷ್ಟ್ರೀಯ ಯಾನದಲ್ಲೊಂದು ಘೋರ ತತ್ತ್ವಸಮಸ್ಯೆ ಹುಟ್ಟಿದೆ: ಅಪ್ಪೆಮಿಡಿ ಉಪ್ಪಿನಕಾಯಿ ಘನವೋ, ದ್ರವವೋ? ಮಿಡಿ ಕಚ್ಚಲು ಸಿಗುವುದರಿಂದ ಘನವೆಂದು ಮಿಡಿವಾದಿಗಳು. ಮಿಡಿ ತೇಲುವುದು ಯಾವುದರಲ್ಲಿ ಎಂದು ರಸವಾದಿಗಳು. ಮಿಡಿ ಕೈಚೀಲಕ್ಕೆ, ರಸ ಲಗೇಜಿಗೆ ಎಂಬ ಸಮನ್ವಯವಾದವೂ ಉಂಟಾದರೂ, ಸಾಗರದ ಅತ್ತೆಯಂದಿರು ಅದನ್ನು ಒಪ್ಪರು. ಸಮವಸ್ತ್ರದವರಂತೂ ಎಂದೆಂದಿಗೂ ರಸವಾದಿಗಳೇ.

ತೆಂಗಿನ ಪ್ರಕರಣ ಇನ್ನೂ ಜಟಿಲ. ಶಬರಿಮಲೆ ಯಾತ್ರಿಕರು ಇರುಮುಡಿಯ ಕಾಯಿಯನ್ನು ಕ್ಯಾಬಿನ್ನಿಗೆ ಒಯ್ಯಬಹುದೆಂದು 2024ರ ಅಕ್ಟೋಬರಿನಲ್ಲಿ ಅಪ್ಪಣೆಯಾಯಿತು, 2025ರ ಜನವರಿ 20ರವರೆಗೆ. 21ರ ಬೆಳಗ್ಗೆ ಕಾಯಿಯೊಳಗೆ ಏನು ಮಾರ್ಪಾಡಾಯಿತೆಂದು ಯಾವ ಕೃಷಿ ವಿಶ್ವವಿದ್ಯಾಲಯವೂ ಹೇಳಿಲ್ಲ. ಕೊಬ್ಬರಿಗಂತೂ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ 1363ನೆಯ ಸಂಖ್ಯೆಯೇ ಇದೆ, ತಾನಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥವೆಂದು. ಅದೇ ಕೊಬ್ಬರಿ ತಿಪಟೂರಿನಲ್ಲಿ ಸಾರಿಗೆ ಬಸ್ಸು ಹತ್ತಿ ಸೀಟಿನಡಿ ಕೂತರೆ ಕೇಳುವ ಪ್ರಶ್ನೆ ಒಂದೇ: 30 ಕೆಜಿ ದಾಟಿದೆಯೋ, ಇಲ್ಲವೋ?