ಒಂದು ತಕರಾರಿನ ಶಾಲು

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಿಗದ ಗಣ್ಯರೇ, ಊಟ ಎಷ್ಟು ಹೊತ್ತಿಗೆ ಎಂದು ಆಗಲೇ ವಿಚಾರಿಸಿಕೊಂಡಿರುವ ಸಹೃದಯರೇ,

ಅಭಿನಂದನ ಗ್ರಂಥಗಳನ್ನೂ ನಾಯಕರ ಜೀವನಚರಿತ್ರೆಗಳನ್ನೂ ಬರೆದುಕೊಡುವ ನಮ್ಮ ಕಸುಬಿನವರ ಪರವಾಗಿ ನ್ಯೂಯಾರ್ಕಿನ ರಾಬರ್ಟ್ ಕ್ಯಾರೊ ಅವರನ್ನು ಅಭಿನಂದಿಸುವ ಭಾರ ನನ್ನ ಮೇಲೆ ಬಿದ್ದಿದೆ. ಭಾರ ಎಂದದ್ದು ಉಪಚಾರಕ್ಕಲ್ಲ. ಅವರ ಮೊದಲ ಪುಸ್ತಕ ‘ದ ಪವರ್ ಬ್ರೋಕರ್’ 1,300 ಪುಟ ದಾಟಿದೆ. ಪರಿಚಯ ಮಾಡಿಕೊಡುವವನು ಅದನ್ನು ಒಮ್ಮೆಯಾದರೂ ಸಭೆಗೆ ಎತ್ತಿ ತೋರಿಸಬೇಕಲ್ಲ.

ನಮ್ಮಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದು ತಮಗೆ ಗೊತ್ತು. ನಾಯಕರ ಹುಟ್ಟುಹಬ್ಬಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ಆಪ್ತ ಸಹಾಯಕರ ಫೋನ್ ಬರುತ್ತದೆ. ಫೋಟೊ ಅವರೇ ಕೊಡುತ್ತಾರೆ, ಬಾಲ್ಯದ ಬಡತನವನ್ನು ನಾವು ಹಾಕಿಕೊಳ್ಳುತ್ತೇವೆ. ಬೈಂಡಿಂಗಿನ ಅಂಟು ಒಣಗದಿದ್ದರೂ ಬಿಡುಗಡೆ ನಿಲ್ಲುವುದಿಲ್ಲ. ಈ ಮಹಾಶಯರು ಮಾಡಿದ್ದೇನು? ನ್ಯೂಯಾರ್ಕಿಗೆ ಸೇತುವೆ, ಹೆದ್ದಾರಿ, ಉದ್ಯಾನ ಕಟ್ಟಿಸಿದ ರಾಬರ್ಟ್ ಮೋಸೆಸ್ ಎಂಬ ಪ್ರಚಂಡ ಅಧಿಕಾರಿಯ ಬಗ್ಗೆ ಒಂಬತ್ತು ತಿಂಗಳಲ್ಲಿ ಬರೆದು ಮುಗಿಸುತ್ತೇನೆಂದು ಕೂತವರು ಏಳು ವರ್ಷ ಏಳಲಿಲ್ಲ. ನಡುವೆ ದುಡ್ಡು ಮುಗಿದು ಹೆಂಡತಿ ಐನಾ ಮನೆಯನ್ನೇ ಮಾರಿದರು. ಹತ್ತು ಲಕ್ಷ ಪದ ದಾಟಿದ ಹಸ್ತಪ್ರತಿಯಿಂದ ಸುಮಾರು ಮೂರೂವರೆ ಲಕ್ಷ ಪದ ಕಿತ್ತ ಮೇಲೆ, 1974ರಲ್ಲಿ ಪುಸ್ತಕ ಹೊರಬಂತು. ಆ ಕಿತ್ತು ಬಿಸಾಡಿದ್ದರಲ್ಲೇ ನಮ್ಮವರು ಐದಾರು ನಾಯಕರನ್ನು ದಡ ಮುಟ್ಟಿಸುತ್ತಿದ್ದರು.

ಹೋಗಲಿ, ಕಟ್ಟಿಸಿದವರ ಬಗ್ಗೆ ಬರೆಯುವಾಗ ಶಂಕುಸ್ಥಾಪನೆ, ಉದ್ಘಾಟನೆ, ಟೇಪು ಕತ್ತರಿಸುವ ಫೋಟೊ ಇದ್ದರೆ ಸಾಲದೇ? ಇವರು ಬ್ರಾಂಕ್ಸಿನ ಹೆದ್ದಾರಿಯ ಒಂದೇ ಒಂದು ಮೈಲಿಯನ್ನು ಹಿಡಿದು ಕೂತರು. ಅದಕ್ಕಾಗಿ ಒಕ್ಕಲೆಬ್ಬಿಸಿದ್ದು 1,530 ಕುಟುಂಬಗಳನ್ನು. ಅವರಲ್ಲಿ ಸಿಕ್ಕವರ ಮನೆಬಾಗಿಲಿಗೆ ಹೋಗಿ, ಆಮೇಲೆ ನಿಮ್ಮ ಬದುಕು ಏನಾಯಿತು ಎಂದು ಕೇಳಿಬಂದರು. ಫಲಾನುಭವಿಗಳ ಪಟ್ಟಿಯಲ್ಲೇ ಇಲ್ಲದವರನ್ನು ಮಾತಾಡಿಸುವುದು ಯಾವ ಊರಿನ ಶಿಷ್ಟಾಚಾರ, ಸ್ವಾಮಿ?

ಆಮೇಲೆ ಅಧ್ಯಕ್ಷ ಲಿಂಡನ್ ಜಾನ್ಸನ್ ಕೈಗೆ ಸಿಕ್ಕರು. ಜಾನ್ಸನ್ ಶ್ವೇತಭವನದಲ್ಲಿದ್ದದ್ದು ಐದು ವರ್ಷ ಚಿಲ್ಲರೆ. ಇವರ ಮೊದಲ ಸಂಪುಟ 1982ರಲ್ಲಿ, ನಾಲ್ಕನೆಯದು 2012ರಲ್ಲಿ. ಐದನೆಯದನ್ನು, 1935ರಲ್ಲಿ ಹುಟ್ಟಿದ ಈ ಹಿರಿಯರು, ಕೋಟು–ಟೈ ಹಾಕಿಕೊಂಡು ಆಫೀಸಿಗೆ ಹೋಗಿ ಕೈಯಲ್ಲಿ ಬರೆದು, ಹಳೇ ಸ್ಮಿತ್–ಕರೋನಾದಲ್ಲಿ ಟೈಪು ಮಾಡುತ್ತಲೇ ಇದ್ದಾರೆ.

ಜಾನ್ಸನ್ ಹುಟ್ಟಿದ ಟೆಕ್ಸಾಸಿನ ಹಿಲ್ ಕಂಟ್ರಿಯ ಜನ ಪಟ್ಟಣದವನ ಮುಂದೆ ಬಾಯಿ ಬಿಡರೆಂದು ಗಂಡಹೆಂಡತಿ ಅಲ್ಲಿಗೇ ಹೋಗಿ ಮೂರು ವರ್ಷ ಸಂಸಾರ ಹೂಡಿದರು. ಕರೆಂಟು ಬರುವ ಮೊದಲು ಹೇಗಿತ್ತು ಎಂದು ಕೇಳಿದ್ದಕ್ಕೆ ಒಬ್ಬ ಅಜ್ಜಿ ಹಳೇ ಬಾವಿಯ ಮೇಲಿನ ಹಲಗೆ ಸರಿಸಿ, ಹಗ್ಗ ಕಟ್ಟಿದ ಬಕೆಟ್ಟು ಇಳಿಬಿಟ್ಟು, ನೀವೇ ಸೇದಿ ನೋಡಿ ಎಂದರಂತೆ. ಸೇದಿದರು. ಆ ನೀರಿನ ಭಾರ, ದಿನವೂ ಅದನ್ನು ಹೊತ್ತು ವಯಸ್ಸಾಗುವ ಮೊದಲೇ ಬೆನ್ನು ಬಾಗಿದ ಹೆಂಗಸರು, ಅವರ ಮನೆಗೆ ಜಾನ್ಸನ್ ತಂದುಕೊಟ್ಟ ವಿದ್ಯುತ್ತು, ಎಲ್ಲವೂ ಮೊದಲ ಸಂಪುಟದಲ್ಲಿದೆ. ‘ಗ್ರಾಮೀಣ ವಿದ್ಯುದೀಕರಣದ ಹರಿಕಾರ’ ಎಂಬ ನಮ್ಮ ಸಿದ್ಧ ಸಾಲನ್ನು ಯಾರಾದರೂ ಮೊದಲೇ ಕೊಟ್ಟಿದ್ದರೆ ಅವರ ರಟ್ಟೆಯಾದರೂ ಉಳಿಯುತ್ತಿತ್ತು.

ಇನ್ನೊಂದು ವಿಚಿತ್ರ. ಎದುರಿನವರು ಮಾತು ನಿಲ್ಲಿಸಿದಾಗ ತಾವು ನಡುವೆ ಬಾಯಿ ಹಾಕಬಾರದೆಂದು ಟಿಪ್ಪಣಿ ಪುಸ್ತಕದಲ್ಲಿ ‘ಬಾಯಿ ಮುಚ್ಚು’ ಎಂಬುದರ ಎರಡಕ್ಷರ ಗೀಚಿಕೊಳ್ಳುತ್ತಾರಂತೆ. ಮೈಕು ಕೈಗೆ ಬಂದ ನನ್ನಂಥವನಿಗೆ ಅದರ ಮರ್ಮ ತಿಳಿಯುವುದು ಕಷ್ಟ.

ಕ್ಷಮಿಸಲಾಗದ್ದು ಮಾತ್ರ ತಮ್ಮನ ವಿಷಯ. ಜಾನ್ಸನ್ನರ ತಮ್ಮ ಸ್ಯಾಮ್ ಹ್ಯೂಸ್ಟನ್ ಅಣ್ಣನ ಬಾಲ್ಯದ ಬಗ್ಗೆ ಸೊಗಸಾದ ಕಥೆಗಳನ್ನು ಹೇಳಿದ್ದರು. ನಾವಾದರೆ ಅಲ್ಲೇ ಪೆನ್ನು ಮುಚ್ಚಿ ಕಾಫಿ ಕೇಳುತ್ತಿದ್ದೆವು. ಇವರು ಸ್ಮಾರಕವಾಗಿರುವ ಆ ಹಳೇ ಮನೆಗೆ, ಪ್ರವಾಸಿಗರು ಹೋದ ಮೇಲೆ ಆತನನ್ನು ಕರೆದೊಯ್ದು, ಊಟದ ಮೇಜಿನಲ್ಲಿ ಹುಡುಗನಾಗಿದ್ದಾಗ ಕೂರುತ್ತಿದ್ದ ಜಾಗದಲ್ಲೇ ಕೂರಿಸಿದರು. ತಾವು ಎದುರಿಗೆ ಕೂರದೆ ಬೆನ್ನ ಹಿಂದೆ ಕೂತರು. ಅಪ್ಪ–ಮಗ ಇಲ್ಲಿ ಹೇಗೆ ಜಗಳವಾಡುತ್ತಿದ್ದರು ಎಂದು ಕೇಳುತ್ತ ಹೋದಂತೆ ಸ್ಯಾಮ್ ಹ್ಯೂಸ್ಟನ್ನರ ದನಿ ಏರಿತು, ಹಳೆಯ ಬೈಗುಳಗಳೆಲ್ಲ ಹೊರಬಂದವು. ಆಗ, ಮೊದಲು ಹೇಳಿದ ಆ ಚೆಂದದ ಕಥೆಗಳನ್ನು ಇನ್ನೊಮ್ಮೆ ಹೇಳಿ, ಸ್ವಲ್ಪ ವಿವರ ಸೇರಿಸಿ ಎಂದರು. ಆಗುವುದಿಲ್ಲ ಎಂದರಂತೆ ತಮ್ಮ. ಯಾಕೆಂದರೆ, ಅವು ನಡೆದೇ ಇರಲಿಲ್ಲ.

ಇಂಥವರಿಗೆ ಆ ದೇಶದಲ್ಲಿ ಎರಡು ಸಲ, 1975ರಲ್ಲಿ ಮತ್ತು 2003ರಲ್ಲಿ, ಪುಲಿಟ್ಜರ್ ಕೊಟ್ಟಿದ್ದಾರೆ. ನಾವೂ ಹಿಂದೆ ಬೀಳುವವರಲ್ಲ. ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ ಎಲ್ಲ ಸಿದ್ಧವಿದೆ. ಸಮಿತಿಯದು ಒಂದೇ ವಿನಂತಿ: ಕ್ಯಾರೊ ಅವರು ನಮ್ಮ ಕಡೆಯ ಯಾವ ನಾಯಕರ ಜೀವನಚರಿತ್ರೆಗೂ ಕೈಹಾಕಬಾರದು. ಅವರ ತಮ್ಮಂದಿರೆಲ್ಲ ಗಟ್ಟಿಮುಟ್ಟಾಗಿದ್ದಾರೆ.