ಎಡಗಾಲಿನ ನಿವೃತ್ತಿ

ಗಾಡಿ ಓಡಿಸುವುದೆಂದರೆ ಎಡಗಾಲಿನ ವಿದ್ಯೆ ಎಂದು ನಂಬಿದ ತಲೆಮಾರು ನಮ್ಮದು. ಮಲೆನಾಡಿನ ಮಳೆಗಾಲದಲ್ಲಿ, ತೋಟದ ಜಾರು ಏರಿನ ನಡುವೆ, ಗೊಬ್ಬರದ ಚೀಲ ಹೇರಿದ ಜೀಪನ್ನು ಹಾಫ್ ಕ್ಲಚ್ಚಿನಲ್ಲೇ ಹಿಡಿದು ನಿಲ್ಲಿಸಿದವನಿಗೆ ಮಾತ್ರ ನಮ್ಮೂರಿನಲ್ಲಿ ಡ್ರೈವರ್ ಎಂಬ ಪಟ್ಟ. ಮಿಕ್ಕವರೆಲ್ಲ ಸ್ಟೇರಿಂಗ್ ಹಿಡಿದು ಕೂತವರು.

ಈ ಪಟ್ಟ ಹೊತ್ತುಕೊಂಡೇ ಒಹಾಯೋದ ಮಗಳ ಮನೆಗೆ ಹೋಗಿದ್ದೆ. ಹಿತ್ತಲಿನ ಕಾಡಿನಿಂದ ಸೌದೆ ತರಲು ಅಳಿಯ ಒಂದು ಕುಬೋಟಾ ಕಂಪನಿಯ ಗಾಡಿ ಇಟ್ಟುಕೊಂಡಿದ್ದಾನೆ. ಡೀಸೆಲ್ ಎಂಜಿನ್, ಮುಂದೆ ಇಬ್ಬರಿಗೆ ಸೀಟು, ಹಿಂದೆ ಅರ್ಧ ಟನ್ ಹೊರುವ ತೊಟ್ಟಿ. ನೋಡಲು ಜೀಪಿನ ತಮ್ಮ. ಗೋತ್ರ ಮಾತ್ರ ಬೇರೆ.

"ಮಾವ, ಇದಕ್ಕೆ ಕ್ಲಚ್ಚಿಲ್ಲ. ಹೈಡ್ರೋಸ್ಟ್ಯಾಟಿಕ್" ಎಂದ.

ಅಂದರೆ, ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಡದಲ್ಲಿ ಒಂದು ಮೋಟರಿಗೆ ತಳ್ಳುತ್ತದೆ. ಮೋಟರು ಚಕ್ರಕ್ಕೆ ಗತಿ ಕೊಡುತ್ತದೆ. ಪಂಪಿನೊಳಗೊಂದು ತಟ್ಟೆ. ಅದು ಓರೆಯಾದಷ್ಟೂ ಎಣ್ಣೆ ಹೆಚ್ಚು ಹರಿಯುತ್ತದೆ, ನೆಟ್ಟಗಾದರೆ ಹರಿವೇ ಇಲ್ಲ. ನಮ್ಮ ಗದ್ದೆಗೆ ಬರುವ ಬೆಲ್ಟಿನ ಭತ್ತದ ಹಾರ್ವೆಸ್ಟರುಗಳಲ್ಲೂ ಇಂಥದೇ ವ್ಯವಸ್ಥೆ ಇರುತ್ತದಂತೆ. ಬದುವಿನ ಮೇಲೆ ನಿಂತು ಬಾಡಿಗೆ ಲೆಕ್ಕ ಹಾಕುವವರಿಗೆ ಇದೆಲ್ಲ ಎಲ್ಲಿ ಕಾಣಬೇಕು?

ತಲೆಗೆ ಹೋದದ್ದು ಕಾಲಿಗೆ ಇಳಿಯಲಿಲ್ಲ. ಹೊರಡುವಾಗ, ತಿರುಗುವಾಗ, ನಿಲ್ಲುವಾಗ ಎಡಗಾಲು ತಾನಾಗಿ ಎದ್ದು ಬರಿ ನೆಲವನ್ನು ಒತ್ತುತ್ತಿತ್ತು. ಪಕ್ಕದಲ್ಲಿ ಕೂತ ಮನೆಯಾಕೆ, "ಅಲ್ಲೇನು ಜಿರಲೆ ತುಳೀತಿದೀರಾ?" ಎಂದಳು. ಬಲಗಾಲಿನದು ಇನ್ನೊಂದು ಕತೆ. ಆಕ್ಸಿಲರೇಟರ್ ಬಿಟ್ಟರೂ ಜೀಪು ಒಂದಿಷ್ಟು ದೂರ ತನ್ನಷ್ಟಕ್ಕೆ ಉರುಳುತ್ತದೆ. ಇಲ್ಲಿ ಪೆಡಲ್ ಬಿಟ್ಟೊಡನೆ ಎಣ್ಣೆಯೇ ಚಕ್ರವನ್ನು ಹಿಡಿದುಕೊಳ್ಳುತ್ತದೆ. ನಾನು ಕಾಲೆತ್ತಿದಾಗಲೆಲ್ಲ ಆಕೆ ಡ್ಯಾಷ್‌ಬೋರ್ಡಿಗೆ ಭಕ್ತಿಯಿಂದ ತಲೆಬಾಗುತ್ತಿದ್ದಳು.

ಗೇರ್ ರಾಡಿನಂಥದೊಂದು ಇದೆ: ಲೋ, ಮೀಡಿಯಂ, ಹೈ, ನ್ಯೂಟ್ರಲ್, ರಿವರ್ಸ್. ಆದರೆ ಗಾಡಿ ಪೂರ್ತಿ ನಿಂತ ಮೇಲೇ ಅದನ್ನು ಮುಟ್ಟಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ನಮ್ಮ ಘಾಟಿ ಜಾಣತನ ಇಲ್ಲಿ ಮಹಾಪರಾಧ. ಏರಿನಲ್ಲಿ ಎಂಜಿನ್ ಏದುಸಿರು ಬಿಟ್ಟರೆ ಪೆಡಲನ್ನು ಇನ್ನಷ್ಟು ಒತ್ತಬಾರದು, ತುಸು ಸಡಿಲಿಸಬೇಕು. ಒತ್ತಿದರೆ ವೇಗ ಕೇಳಿದಂತೆ. ಏರಿಗೆ ಬೇಕಾದದ್ದು ಬಲ. ಇಷ್ಟು ಕಲಿಯಲು ನನ್ನ ಹಮ್ಮಿಗೆ ಬಹಳ ಕಷ್ಟವಾಯಿತು. ಕಲಿತ ಮೇಲೆ ಒಪ್ಪಲೇಬೇಕಾಯಿತು: ಸೌದೆ ಹೇರಿಕೊಂಡು ಆಮೆ ನಡಿಗೆಯಲ್ಲಿ ಮರಗಳ ನಡುವೆ ನುಸುಳಲು ಜೀಪಿಗಿಂತ ಇದೇ ಮೇಲು.

ಹೈಡ್ರೋಸ್ಟ್ಯಾಟಿಕ್ ಗಾಡಿ ಓಡಿಸುವವರು ಒಂದನ್ನು ಮರೆಯಬೇಡಿ. ಎಂಜಿನ್ ಆರಿಸಿ ಗೇರಿನಲ್ಲಿ ಬಿಟ್ಟರೆ ಜೀಪು ನಿಂತೀತು. ಇದರಲ್ಲಿ ಎಣ್ಣೆ ಒಳಗೊಳಗೇ ಸೋರಿ ಗಾಡಿ ಮೆಲ್ಲಗೆ ಜಾರಬಹುದು. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆಯಲೇಬೇಕು. ನಂಬಿಕೆ ಸಾಲದಿದ್ದರೆ ಚಕ್ರಕ್ಕೊಂದು ಕಲ್ಲು ಕೊಡಿ. ಕಲ್ಲು ಅಮೆರಿಕದಲ್ಲೂ ಸಿಗುತ್ತದೆ.