ಒಳಕ್ಕೆ ಬಿಟ್ಟಿ, ಹೊರಕ್ಕೆ ಬಿಡಲ್ಲ

(ಲಂಡನ್ನಿನಲ್ಲಿ ಮೊದಲ ದಿನ. ಬಕಿಂಗ್‌ಹ್ಯಾಮ್ ಅರಮನೆಯ ಕಾವಲುಗಾರರ ಪಾಳಿ ಬದಲಾಗುವುದನ್ನು ಜನರ ತಲೆಗಳ ಸಂದಿಯಿಂದ ನೋಡಿ, ಮಳೆಯಲ್ಲಿ ನೆಂದು, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ನುಗ್ಗಿದ ನಮ್ಮ ಪ್ರತಿನಿಧಿಗೆ ಗಾಜಿನ ಪೆಟ್ಟಿಗೆಯೊಳಗಿಂದ ಟಿಪ್ಪುವಿನ ಮರದ ಹುಲಿ ಕೊಟ್ಟ ಸಂದರ್ಶನವಿದು.)

ನಮಸ್ಕಾರ ಹುಲಿರಾಯರೇ. ಬಿಡುವಾಗಿದ್ದೀರಾ?

ಬಿಡುವೆಲ್ಲಿ ಬಂತು ಕಣಪ್ಪ? ಇನ್ನೂರು ವರ್ಷ ದಾಟಿತು, ಈ ಬಿಳಿ ಸಿಪಾಯಿಯ ಕತ್ತು ಹಿಡ್ಕೊಂಡಿದ್ದೀನಿ. ಅವನೂ ಸಾಯಲಿಲ್ಲ, ನಾನೂ ಬಿಡಲಿಲ್ಲ. ನಿಂದು ಮೊದಲ ದಿನ ಅಲ್ವಾ?

ಹೇಗೆ ಗೊತ್ತಾಯ್ತು?

ನಡಿಗೇಲೇ ಗೊತ್ತಾಗುತ್ತೆ. ಗಡಿಯಾರದ ಗೋಪುರ, ಸೇತುವೆ, ಅರಮನೆ ಅಂತ ಬೆಳಗಿನಿಂದ ಸುತ್ತಿ ಕಾಲು ಬಿದ್ದುಹೋಗಿರುತ್ತೆ. ಇಲ್ಲಿ ಟಿಕೆಟ್ ಇಲ್ಲ ಅಂತ ಒಳಗೆ ಬರ್ತೀರಿ. ಮೊದಲು ಕೇಳೋದು ಶೌಚಾಲಯ, ಆಮೇಲೆ ಕಾಫಿ. ಕಾಫಿ ಬೆಲೆಯನ್ನ ರೂಪಾಯಿಗೆ ಗುಣಿಸಿ, ಮುಖ ಹುಳ್ಳಗೆ ಮಾಡ್ಕೊಂಡು ನನ್ನ ಮುಂದೆ ನಿಲ್ತೀರಿ. ಒಂದು ಸೆಲ್ಫಿ. ಮುಗೀತು.

ನಿಮ್ಮ ಮೊದಲ ದಿನ ಹೇಗಿತ್ತು?

ನನಗೆ ವೀಸಾ ಯಾರೂ ಕೇಳಲಿಲ್ಲ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಸುಲ್ತಾನರ ಚಿನ್ನದ ಸಿಂಹಾಸನವನ್ನ ಒಡೆದು ಹಂಚಿಕೊಂಡರು. ನಾನು ಬರೀ ಮರ, ಹಂಚಿಕೊಂಡರೆ ಸೌದೆ! ಇಡಿಯಾಗಿ ಹಡಗು ಹತ್ತಿಸಿದರು. 1808ರಿಂದ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿ ಕಚೇರೀಲಿ ಪ್ರದರ್ಶನಕ್ಕಿಟ್ಟರು. ನನ್ನ ಹೊಟ್ಟೆಯಲ್ಲಿ ಆರ್ಗನ್ ಇದೆ. ಹಿಡಿಕೆ ತಿರುಗಿಸಿದರೆ ಸಿಪಾಯಿ ಕೈ ಎತ್ತಿ ನರಳ್ತಾನೆ, ನಾನು ಗುರುಗುಟ್ಟುತೀನಿ. ಬಂದವರೆಲ್ಲ ತಿರುಗಿಸಿದ್ದೇ ತಿರುಗಿಸಿದ್ದು. ಅಲ್ಲೇ ಗ್ರಂಥಾಲಯ ಬೇರೆ. ಓದೋರಿಗೆ ತಲೆ ಕೆಟ್ಟುಹೋಯ್ತು. ಕೊನೆಗೆ ಹಿಡಿಕೆಯೇ ಮಾಯ. ಯಾರ ಕೆಲಸವೋ, ಪುಣ್ಯಾತ್ಮರು.

ಆಮೇಲೆ ಇಲ್ಲಿಗೆ ಬಂದಿರಿ. ಈ ಮ್ಯೂಸಿಯಮ್ಮಿನವರು ನೋಡಿಕೊಳ್ಳೋದು ಹೇಗೆ?

ಸುಳ್ಳು ಹೇಳಬಾರದು, ಚೆನ್ನಾಗೇ ನೋಡ್ಕೊಳ್ತಾರೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಚಾವಣಿ ನನ್ನ ಮೇಲೆ ಕುಸೀತು. ಚೂರು ಚೂರು ಆಯ್ದು ಜೋಡಿಸಿದವರು ಇವರೇ. ಧೂಳಿಲ್ಲ, ಗೆದ್ದಲಿಲ್ಲ. ಅಂಗಡೀಲಿ ನನ್ನ ಚಿತ್ರದ ಸಾಮಾನೂ ಮಾರ್ತಾರೆ. ಅದರಲ್ಲಿ ನನಗೆ ಪಾಲಿಲ್ಲ.

ಇಲ್ಲಿ ಇನ್ನೇನು ನೋಡಬೇಕು?

ಕಾಸ್ಟ್ ಕೋರ್ಟ್ಸ್ ಅಂತ ದೊಡ್ಡ ಹಜಾರಗಳಿವೆ, ಹೋಗು. ರೋಮಿನ ಟ್ರೇಜನ್ ಸ್ತಂಭ ಇದೆ, ಚಾವಣಿಗೆ ತಾಗುತ್ತೆ ಅಂತ ಎರಡು ತುಂಡಾಗಿ ನಿಲ್ಲಿಸಿದ್ದಾರೆ. ಮೈಕೆಲೇಂಜೆಲೋನ ಡೇವಿಡ್ ಇದ್ದಾನೆ. ವಿಕ್ಟೋರಿಯಾ ರಾಣಿ ಬಂದಾಗ ಅವನ ಮಾನ ಮುಚ್ಚೋಕೆ ಮಾಡಿಸಿದ್ದ ಅಂಜೂರದ ಎಲೆಯನ್ನೂ ಜೋಪಾನವಾಗಿಟ್ಟಿದ್ದಾರೆ. ಕಂಬ, ಡೇವಿಡ್, ಎಲೆ, ಎಲ್ಲಾ ಪ್ಲಾಸ್ಟರ್!

ನಕಲೇ?

ನಕಲು. ಅಸಲು ರೋಮಿನಲ್ಲಿ, ಫ್ಲಾರೆನ್ಸಿನಲ್ಲಿ ಆರಾಮಾಗಿವೆ. ಪರಸ್ಪರ ಅಚ್ಚು ತೆಗೆದು ಹಂಚಿಕೊಳ್ಳೋಣ ಅಂತ ಯುರೋಪಿನ ರಾಜಕುಮಾರರು 1867ರಲ್ಲಿ ಒಪ್ಪಂದಕ್ಕೇ ರುಜು ಹಾಕಿದರು. ಎಂಥ ಸಭ್ಯತೆ ನೋಡು! ಶ್ರೀರಂಗಪಟ್ಟಣದ ಕಾಲಕ್ಕೆ ಈ ಉಪಾಯ ಹೊಳೆದಿರಲಿಲ್ಲ ಅಂತಲೇ ಇಟ್ಕೊ. ಹೊಳೆದ ಮೇಲಾದರೂ ನನ್ನದೊಂದು ಅಚ್ಚು ತೆಗೆದಿಟ್ಟು ನನ್ನನ್ನ ಊರಿಗೆ ಕಳಿಸಬಹುದಿತ್ತಲ್ಲ? ಬೇಕಾದಷ್ಟು ಪ್ಲಾಸ್ಟರ್ ಇತ್ತು.

ಈಗಲೂ ಕೇಳಬಹುದಲ್ಲ?

ಕೇಳಿದರೆ 1983ರ ಕಾಯಿದೆ ತೋರಿಸ್ತಾರೆ. ಹಾಳಾಗಿ ಕೆಲಸಕ್ಕೆ ಬಾರದ್ದು, ಇನ್ನೊಂದು ಪ್ರತಿ ಇರೋದು, ಇಂಥವು ಬಿಟ್ಟರೆ ಸಂಗ್ರಹದಿಂದ ಏನನ್ನೂ ಬಿಟ್ಟುಕೊಡೋ ಹಾಗಿಲ್ಲವಂತೆ. ಘಾನಾದ ಅಸಾಂಟೆ ಅರಮನೆಯಿಂದ ದೋಚಿದ್ದ ಚಿನ್ನವನ್ನ 2024ರಲ್ಲಿ ಕಳಿಸಿದರು. ಹೇಗೆ ಹೇಳು? ಸಾಲವಾಗಿ! ಮನೆಯವರಿಗೇ ಮನೆ ಒಡವೆ ಕಡ ಕೊಟ್ಟ ಹಾಗೆ. ವಾಪಸ್ ಕೊಡೋ ತಾರೀಖೂ ಅವರೇ ಬರೆದರು.

ನಮ್ಮ ಓದುಗರಿಗೆ ಏನಾದರೂ ಹೇಳ್ತೀರಾ?

ನನ್ನ ಸುಲ್ತಾನರ ಹೆಸರು ಹೇಳಿ ಜಗಳ ಆಡೋರು ನಮ್ಮೂರ ಕಡೆ ಬೇಕಾದಷ್ಟಿದ್ದಾರೆ, ನನ್ನನ್ನ ನೋಡಿದೋರು ಕಮ್ಮಿ. ಬೆಂಗಳೂರಿನ ಟಿಪ್ಪು ಬೇಸಿಗೆ ಅರಮನೇಲಿ ನನ್ನದೊಂದು ಮರದ ನಕಲಿದೆ. ಕೆ.ಆರ್. ಮಾರುಕಟ್ಟೆಯಿಂದ ನಡ್ಕೊಂಡೇ ಹೋಗಬಹುದು. ಮೊದಲು ಅದನ್ನಾದರೂ ನೋಡಿ ಬರೋಕೆ ಹೇಳು. ಟಿಕೆಟ್ ಇದೆ, ವೀಸಾ ಬೇಕಿಲ್ಲ.